ಏಪ್ರಿಲ್ ಒಂಬತ್ತರ ಪುಟ

ಹೊಳೆನರಸೀಪುರ,
೨೭ ಅಕ್ಟೋಬರ್ ೨೦೨೪, ಭಾನುವಾರ, ಸಂಜೆ ನಾಲ್ಕು ಗಂಟೆ

ಪ್ರಿಯ ಶಾಂತರಾಜು,

ಅಲ್ಲಯ್ಯ, ಚಾರ್ಜ್ ಖಾಲಿಯಾಗಿರಲಿಲ್ಲ. ನಿನ್ನೆ ಫೋನಿನಲ್ಲಿ ನೀನು, "ಲೇ ಪಂಚ, ಆ ಹಳೇ ಪುಸ್ತಕ ಕೊಡ್ತೀಯೋ ಇಲ್ವೋ, ಒಂದ್ ಮಾತು ಯೋಳ್ಬುಡು" ಎಂದಾಗ ಕಟ್ ಮಾಡಿದವನು ನಾನೇ. ಊಟವಾದ ಮೇಲೆ "ಚಾರ್ಜ್ ಹೋಗಿತ್ತು" ಎಂದು ಮೆಸೇಜ್ ಹಾಕಿದೆನಲ್ಲ, ಅದು ಸುಳ್ಳು. ಆ ಸುಳ್ಳಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ಚಿಕ್ಕದು. ಇನ್ನೊಂದು ಇಪ್ಪತ್ತೇಳು ವರ್ಷದ್ದು.

ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ಕೇಳಿದ್ದು ಆಯುಧಪೂಜೆಯ ದಿನ. ದೀಪಾವಳಿಗೆ ಇನ್ನು ನಾಲ್ಕೇ ದಿನ ಉಳಿದಿದೆ. ಮಂಡಿ ನೋವು ಬಿಟ್ಟರೆ ನಾನು ಕ್ಷೇಮ. ನಿನ್ನ ಸಕ್ಕರೆ ಎಷ್ಟಿದೆ ಎಂದು ಕೇಳುವುದಿಲ್ಲ, ನೀನು ಹೇಳುವುದೂ ಇಲ್ಲ. ಕವನಾ ತಾನು ಪಾಠ ಹೇಳುವ ಹೈಸ್ಕೂಲಿನಲ್ಲಿ ರಾಜ್ಯೋತ್ಸವ ಕಳೆದ ಮೇಲೆ ಈ ತಿಂಗಳು ಬಂದಿರುವ ಧೂಮಕೇತುವಿನ ಚಿತ್ರಪ್ರದರ್ಶನ ಇಡುತ್ತಾಳೆ ಎಂದು ಕೇಳಿ ನಿಜಕ್ಕೂ ಸಂತೋಷವಾಯಿತು. ಅಪ್ಪನ ಹುಚ್ಚು ಮಗಳಿಗೆ ದಾಟಿದ್ದು ಒಳ್ಳೆಯದೇ. ಆ ಹುಚ್ಚಿಗೆ ಮಾತ್ರೆ ಇಲ್ಲ.

ನೀನು ಕಳಿಸಿದ ಫೋಟೋಗಳನ್ನು ದಿನಾ ನೋಡುತ್ತಿದ್ದೇನೆ. ಹದಿನಾಲ್ಕನೇ ತಾರೀಕು ನುಗ್ಗೇಹಳ್ಳಿ ರಸ್ತೆಯ ತೆಂಗಿನ ತೋಟದಿಂದ ತೆಗೆದದ್ದರಲ್ಲಿ ಬಾಲ ಎರಡು ಮರದ ನಡುವೆ ಪೊರಕೆ ನಿಲ್ಲಿಸಿದ ಹಾಗಿದೆ. ಮೊನ್ನೆಯದರಲ್ಲಿ ಬರೀ ಒಂದು ಮಸುಕು. ನಲವತ್ತು ಚಿತ್ರ ತೆಗೆದು ಒಂದರ ಮೇಲೊಂದು ಕೂರಿಸಿದೆ ಎಂದೆ. ಧೂಮಕೇತುವನ್ನು ನಿಲ್ಲಿಸಿದರೆ ನಕ್ಷತ್ರಗಳು ಗೀಟಾಗುತ್ತವೆ, ನಕ್ಷತ್ರಗಳನ್ನು ನಿಲ್ಲಿಸಿದರೆ ಧೂಮಕೇತು ಗೀಟಾಗುತ್ತದೆ ಎಂದೂ ಹೇಳಿದೆ. ಅದನ್ನು ಕೇಳಿದ ಮೇಲೆ ನನಗೆ ಬೇಡದ ಯೋಚನೆಗಳೆಲ್ಲ ಬಂದವು. ವಯಸ್ಸಾದವನ ಮುಂದೆ ಹೀಗೆಲ್ಲ ಮಾತಾಡಬಾರದು ಕಣಯ್ಯ.

ನಾನೂ ಇಲ್ಲಿ ತಾರಸಿಯ ಮೇಲೆ ಬೈನಾಕ್ಯುಲರ್ ಹಿಡಿದು ಕೂರುತ್ತೇನೆ. ಕೆಳಗಿನ ಮನೆಯಲ್ಲಿ ಟೈಲರಿಂಗ್ ಮಾಡುವ ಧನಲಕ್ಷ್ಮಿ ಸಂಜೆ ಒಣಗಿದ ಬಟ್ಟೆ ತೆಗೆಯಲು ಬರುತ್ತಾಳೆ. ಮೊದಲ ವಾರ ಬಲು ಭಕ್ತಿಯಿಂದ ನೋಡಿದಳು. ಮೊನ್ನೆ ಬೈನಾಕ್ಯುಲರ್ ಕೊಟ್ಟರೆ ಕಣ್ಣಿಗೆ ಹಿಡಿದ ಕೂಡಲೇ ವಾಪಸ್ಸು ಕೊಟ್ಟಳು.

"ಏನ್ ಮಾಸ್ಟ್ರೇ, ಬಾಲಾನೇ ಇಲ್ವಲ್ಲ. ಹತ್ತಿ ಉಂಡೆ ಇದ್ದಂಗೈತೆ."

"ಸೂರ್ಯನಿಂದ ದೂರ ಓಗ್ತಾ ಐತೆ ಕಣಮ್ಮ. ಇನ್ ಅಂಗೇಯ, ದಿನಾ ಕಮ್ಮಿ ಆಯ್ತದೆ."

"ಮತ್ತೆ ದಿನಾ ಯಾಕ್ ನೋಡ್ತೀರ?"

ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಒಂದು ಮಾತಿತ್ತು. ಹಾಸನದ ಕಾಲೇಜಿನಲ್ಲಿ ನಮಗೆ ಫಿಸಿಕ್ಸ್ ಹೇಳುತ್ತಿದ್ದ ಮೇಷ್ಟ್ರು ಹೇಳುತ್ತಿದ್ದದ್ದು. ಎನಿಬಡಿ ಕೆನ್ ಲುಕ್ ಅಟ್ ಎ ಥಿಂಗ್ ವೆನ್ ಇಟ್ ಈಸ್ ಬ್ರೈಟ್, ಬಟ್... ಅಲ್ಲಿಂದ ಮುಂದಿನದು ಮರೆತಿದ್ದೇನೆ. ನಿನಗೆ ನೆನಪಿದ್ದರೆ ತಿಳಿಸು. ಅವರದೇ ಇನ್ನೊಂದು ಮಾತು ಮಾತ್ರ ಪೂರ್ತಿ ನೆನಪಿದೆ. ಜಂಟಲ್‌ಮೆನ್, ದಿ ಐ ಮೇ ಲೈ, ದಿ ನೋಟ್‌ಬುಕ್ ಮಸ್ಟ್ ನಾಟ್. ಕಣ್ಣು ಸುಳ್ಳು ಹೇಳಬಹುದು, ಪುಸ್ತಕ ಹೇಳಬಾರದು.

ಈಗ ವಿಷಯಕ್ಕೆ ಬರುತ್ತೇನೆ. ನೀನು ಕೇಳುತ್ತಿರುವುದು ತೊಂಬತ್ತೇಳರ ಹೇಲ್-ಬಾಪ್ ಧೂಮಕೇತುವಿನ ನನ್ನ ಮೂಲ ಪುಸ್ತಕ. ನಿನ್ನ ಹೊಸ ಫೋಟೋಗಳ ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು, ಅದರಲ್ಲೂ ಏಪ್ರಿಲ್ ಒಂಬತ್ತರ ಪುಟ ತೆರೆದೇ ಇಡಬೇಕು ಎಂದೆ. ಏಕೆಂದು ನಿನಗೂ ಗೊತ್ತು, ನನಗೂ ಗೊತ್ತು. ನೀನು ಆ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳಿದ್ದೀಯ. ಕವನಾಳ ಮದುವೆಯಲ್ಲಿ ಬೀಗರ ಮುಂದೆಯೂ ಹೇಳಿದೆ, ನಾನು ಎಲೆ ಮುಂದೆ ತಲೆ ಬಗ್ಗಿಸಿ ಕೂತಿದ್ದೆ. "ನಾನು ಚನ್ನರಾಯಪಟ್ಟಣದಾಗೆ, ಇವ್ನು ಕೊಣನೂರಾಗೆ. ಎಪ್ಪತ್ತು ಕಿಲೋಮೀಟ್ರು. ಫೋನಿಲ್ಲ, ಏನಿಲ್ಲ. ಇಬ್ರೂ ಬರೆದಿದ್ದು ಒಂದೇ ಅಳತೆ. ಕಣ್ಣು ಅಂದ್ರೆ ಅಂಗಿರ್ಬೇಕು."

ನಮ್ಮ ಪದ್ಧತಿ ನಿನ್ನದೇ, ಹ್ಯಾಲಿ ಧೂಮಕೇತು ಬಂದ ವರ್ಷ ನಿಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಎಳನೀರು ಕುಡಿಯುತ್ತ ಮಾಡಿದ್ದು. ತೋಳು ನೀಡಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಹತ್ತು ಡಿಗ್ರಿ, ಒಂದು ಬೆರಳು ಎರಡು ಡಿಗ್ರಿ. ಬಾಲ ಎಷ್ಟು ಮುಷ್ಟಿ, ಎಷ್ಟು ಬೆರಳು ಎಂದು ಅಲ್ಲೇ ಕತ್ತಲಲ್ಲಿ ಪುಸ್ತಕಕ್ಕೆ ಬರೆಯಬೇಕು. ಬೆಳಿಗ್ಗೆ ಅದನ್ನು ಅಂಚೆ ಕಾರ್ಡಿಗೆ ಇಳಿಸಿ ಡಬ್ಬಿಗೆ ಹಾಕಬೇಕು. ಇನ್ನೊಬ್ಬನ ಕಾರ್ಡು ಕೈಗೆ ಬರುವ ಮೊದಲು ನಿನ್ನದು ಹೊರಟಿರಬೇಕು. ಕೇಳುವ ಮುಂಚೆ ಬರೆ, ಬರೆಯದೆ ಇದ್ದದ್ದು ಕಂಡದ್ದಲ್ಲ. ಇಷ್ಟೇ ಕಾನೂನು. ಟೆಲಿಸ್ಕೋಪು ಕೊಳ್ಳಲಾಗದ ನಮ್ಮಿಬ್ಬರಿಗೆ ಅದೇ ಟೆಲಿಸ್ಕೋಪು.

ಶಾಂತರಾಜು, ಏಪ್ರಿಲ್ ಒಂಬತ್ತರಂದು ನಾನು ಬರೆದಿರಲಿಲ್ಲ. ನಿನ್ನ ಕಾರ್ಡು ಬಂದ ಮೇಲೆ ಅದರಲ್ಲಿದ್ದುದನ್ನೇ ನಕಲು ಮಾಡಿದೆ.

ಇದನ್ನು ಬರೆದು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಹೇಗಾಯಿತು ಎಂದು ಹೇಳುತ್ತೇನೆ.

ನಿನಗೆ ಗೊತ್ತಿರುವಂತೆ ಆಗ ನಾನು ಕೊಣನೂರಿನಲ್ಲಿ ಸಬ್ ಪೋಸ್ಟ್ ಮಾಸ್ಟರ್. ನನ್ನ ಹೆಂಡತಿ ನೀಲಾಂಬಿಕೆ ಅಲ್ಲೇ ಪ್ರೈಮರಿ ಶಾಲೆಯಲ್ಲಿ ಟೀಚರು. ಸಂಜೆ ನಾನು ನೋಡುವುದು, ಅವಳು ಬರೆಯುವುದು. ನಾನು ಕೂಗಿದ್ದನ್ನು ಪುಸ್ತಕ ಮಡಿಲಲ್ಲಿಟ್ಟುಕೊಂಡು ಕತ್ತಲಲ್ಲೇ ಬರೆಯುತ್ತಿದ್ದಳು, ಅಷ್ಟು ರೂಢಿಯಾಗಿತ್ತು. ಟಾರ್ಚಿಗೆ ಕೆಂಪು ಗ್ಲಾಸ್ ಪೇಪರ್ ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದವಳೂ ಅವಳೇ. ಬಿಳಿ ಬೆಳಕು ಬಿದ್ದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡುತ್ತದಲ್ಲ, ಡಾರ್ಕ್ ಅಡಾಪ್ಟೇಶನ್ನೋ ಅಡಾಪ್ಷನ್ನೋ, ನನಗೆ ಆಗಲೂ ಗೊಂದಲ ಈಗಲೂ ಗೊಂದಲ. ಅವಳೂ ನಡುನಡುವೆ ತಲೆಯೆತ್ತಿ ನೋಡುತ್ತಿದ್ದಳು. "ಎರಡು ಬಾಲ ಕಾಣುತ್ತೆ ಕಣ್ರೀ" ಎಂದು ಒಂದೆರಡು ಸಲ ಹೇಳಿದಳು. ನಿನ್ನ ಕನ್ನಡಕದ ದೋಷ ಎಂದೆ. ಆಮೇಲೆ ಪೇಪರಿನಲ್ಲಿ ಬಿಳಿಯದೊಂದು ನೀಲಿಯದೊಂದು ಬಾಲವಿರುವ ಫೋಟೋ ಬಂದಾಗಲೂ, ಅದು ಕ್ಯಾಮೆರಾಗೆ ಕಾಣುವುದು, ಕಣ್ಣಿಗಲ್ಲ ಎಂದುಕೊಂಡೆ. ನನಗೆ ಕೊನೆಯವರೆಗೂ ಒಂದೇ ಕಂಡಿತು.

ಒಂಬತ್ತನೇ ತಾರೀಕು ಯುಗಾದಿಯ ಮಾರನೆಯ ದಿನ. ಹಬ್ಬದ ಸಂಜೆ ಮೋಡ ಕವಿದು ಚಂದ್ರ ಕಂಡಿರಲಿಲ್ಲ, ಅದಕ್ಕೆ ಅಂದು ನಮ್ಮ ತಾರಸಿಗೆ ಹತ್ತು ಹನ್ನೆರಡು ಜನ ಬಂದಿದ್ದರು. ಚಂದ್ರನೂ ಆಯಿತು, ಬಾಲದ ಚುಕ್ಕಿಯೂ ಆಯಿತು ಎಂದು. ಅಕ್ಕಿ ಗಿರಣಿಯ ಗುಂಡಯ್ಯನವರು ಪಂಚೆ ಎತ್ತಿ ಕಟ್ಟಿಕೊಂಡು ಮುಂದೆ ನಿಂತಿದ್ದರು. ನನಗೋ ಊರಿನವರಿಗೆ ತೋರಿಸುವ ಹುಮ್ಮಸ್ಸು. ನೀಲಾಂಬಿಕೆ ಸಂಜೆಯವರೆಗೂ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದಳು. ಮಾರನೆಯ ದಿನ ಏಪ್ರಿಲ್ ಹತ್ತು, ಶಾಲೆಯ ರಿಸಲ್ಟು. ತಿದ್ದುತ್ತಿದ್ದ ಪೆನ್ನನ್ನು ಜಡೆಗೆ ಸಿಕ್ಕಿಸಿಕೊಂಡೇ ಮೇಲೆ ಬಂದಳು. "ಇವತ್ತು ನೀನೇ ಅಳೆದು ನೀನೇ ಬರ್ಕೊ, ನನಗೆ ಪುರುಸೊತ್ತಿಲ್ಲ" ಎಂದು ಪುಸ್ತಕ ಅವಳ ಕೈಗೆ ಕೊಟ್ಟೆ. ಅವಳು ನೀರಿನ ತೊಟ್ಟಿಯ ಪಕ್ಕ ಹೋಗಿ ಕತ್ತಲಲ್ಲಿ ಕೂತಳು. ಒಂದು ಸಲ ನೋಡಿದೆ, ತೋಳು ನೀಡಿ ಮುಷ್ಟಿ ಹಿಡಿದಿದ್ದಳು.

ಧೂಮಕೇತು ಮರಗಳ ಹಿಂದೆ ಇಳಿದ ಮೇಲೆ ಎಲ್ಲರಿಗೂ ನಮ್ಮ ಪುಸ್ತಕ ತೋರಿಸಬೇಕೆನ್ನಿಸಿತು. ತರಿಸಿ ಟಾರ್ಚ್ ಹಾಕಿದೆ. ಪುಟದ ಮೇಲ್ತುದಿಯಲ್ಲಿ ನಾನು ಮಧ್ಯಾಹ್ನ ನೀಲಿ ಪೆನ್ನಿನಲ್ಲಿ ಬರೆದಿಟ್ಟಿದ್ದ ತಾರೀಕು ಬಿಟ್ಟರೆ ಪುಟ ಬೋಳು.

"ಎಲ್ಲಿ?"

"ಬರೆದಿದ್ದೀನಲ್ರೀ" ಎಂದು ಅವಳೂ ಬಗ್ಗಿ ನೋಡಿದಳು. ಅವಳಿಗೂ ಕಾಣಲಿಲ್ಲ. "ಇಂಕ್ ಬಂದಿಲ್ವೇನೋ. ಬಾಯಲ್ಲಿ ಹೇಳ್ತೀನಿ, ಈಗ ಬರ್ಕೊಳ್ಳಿ."

ಅಷ್ಟು ಜನರ ಮುಂದೆ ನನಗೆ ನಮ್ಮ ಕಾನೂನು ನೆನಪಾಯಿತು ನೋಡು. "ಬರೆಯದೆ ಇದ್ದದ್ದು ಕಂಡದ್ದಲ್ಲ" ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. "ಮಕ್ಕಳ ಪೇಪರಿಗೆ ಸೊನ್ನೆ ಸುತ್ತಿ ಸುತ್ತಿ ಇದಕ್ಕೂ ಸೊನ್ನೆ ಸುತ್ತಿಬಿಟ್ಟಿದ್ದಾರೆ ನಮ್ಮ ಟೀಚರಮ್ಮ" ಎಂದು ಸೇರಿಸಿದೆ. ಎಲ್ಲರೂ ನಕ್ಕರು. ಗುಂಡಯ್ಯನವರು, "ಬುಡಿ ಸಾ, ನಮ್ ಮನೇಲೂ ಅಂಗೇಯ. ಯೋಳಾದೊಂದು, ಮಾಡಾದೊಂದು" ಎಂದರು. ಅದಕ್ಕೂ ನಕ್ಕರು, ನಾನೂ ನಕ್ಕೆ. ಅವಳು ಲೋಟಗಳನ್ನು ಜೋಡಿಸಿಕೊಂಡು ಕೆಳಗೆ ಹೋದಳು.

ಮಾರನೆಯ ಬೆಳಿಗ್ಗೆ ರೊಟ್ಟಿ ಹಾಕುತ್ತ, "ಆ ಪುಸ್ತಕ ಬೆಳಕಲ್ಲಿ ಒಂದ್ಸಲ ತೆಗೆದು ನೋಡಿ" ಎಂದಳು. ನನಗೆ ಅದು ಕೊಂಕಿನ ಹಾಗೆ ಕೇಳಿಸಿತು. ಕಚೇರಿಗೆ ಒಯ್ದವನು ಅಂಚೆ ಚೀಲದ ಹುರಿಯಿಂದ ಪುಸ್ತಕವನ್ನು ಅಡ್ಡ ಉದ್ದ ಕಟ್ಟಿ ಗಂಟಿನ ಮೇಲೆ ಅರಗು ಸುರಿದು ಮುದ್ರೆ ಒತ್ತಿದೆ. ಸರ್ಕಾರದ ಅರಗು, ಅದನ್ನೂ ನನ್ನ ತಪ್ಪುಗಳಿಗೆ ಸೇರಿಸಿಕೋ. ಮನೆಗೆ ತಂದು ಅವಳ ಕಣ್ಣೆದುರಿಗೇ ಟ್ರಂಕಿಗೆ ಹಾಕಿದೆ. ಅವಳು ಆ ಮುದ್ರೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಆ ಮಾತು ಎತ್ತಲಿಲ್ಲ. ತಾರಸಿಗೂ ಬರಲಿಲ್ಲ. ನಾನು ಹೊಸ ಪುಸ್ತಕ ಕೊಂಡು ಏಪ್ರಿಲ್ ಕೊನೆಯವರೆಗೂ ಒಬ್ಬನೇ ನೋಡಿದೆ, ಒಬ್ಬನೇ ಬರೆದೆ.

ಹನ್ನೆರಡನೇ ತಾರೀಕು ಟಪಾಲು ವಿಂಗಡಿಸುವಾಗ ನಿನ್ನ ಕಾರ್ಡು ಸಿಕ್ಕಿತು. "ಒಂದು ಮುಷ್ಟಿ, ಎರಡು ಬೆರಳು. ಎಡಕ್ಕೆ ಇನ್ನೊಂದು ತೆಳು ಬಾಲ ಇದ್ದ ಹಾಗೆ ಅನುಮಾನ, ಲೆಕ್ಕಕ್ಕೆ ಹಿಡಿದಿಲ್ಲ." ನಿನಗೆ ಕಳಿಸಿದ ಅಳತೆಗಳ ನನ್ನ ಪಟ್ಟಿಯಲ್ಲಿ, ಮೋಡದ ದಿನ ಬಿಟ್ಟರೆ, ಅದೊಂದು ದಿನ ಮಾತ್ರ ಖಾಲಿ. ಇಪ್ಪತ್ತೆರಡು ಸಂಜೆಯಲ್ಲಿ ಅದೊಂದೇ ತೂತು. ನನ್ನ ಕೈಯಲ್ಲೇ ತಾರೀಕಿನ ಮೊಹರು ಇತ್ತು, ಶಾಂತರಾಜು. ಒಂದು ಕಾರ್ಡಿನ ಮೇಲೆ ಒಂದು ಮುಷ್ಟಿ ಎರಡು ಬೆರಳು ಎಂದು ಬರೆದೆ, ಮೊಹರನ್ನು ಎರಡು ದಿನ ಹಿಂದಕ್ಕೆ ತಿರುಗಿಸಿ ಒತ್ತಿದೆ, ಚೀಲಕ್ಕೆ ಹಾಕಿದೆ. ಅನುಮಾನದ ಬಾಲವನ್ನು ನಕಲು ಮಾಡಲಿಲ್ಲ. ಅದೊಂದು ದೊಡ್ಡ ಪ್ರಾಮಾಣಿಕತೆ ಎಂದು ಆಗ ಅನ್ನಿಸಿತ್ತು.

ವಾರದೊಳಗೆ ನಿನ್ನ ಉತ್ತರ ಬಂತು. "ಲೇ ಪಂಚ, ಇಬ್ಬರದೂ ಒಂದೇ. ನಮ್ಮ ಕಣ್ಣಿಗೆ ಯಾರ ಸರ್ಟಿಫಿಕೇಟೂ ಬೇಡ." ಅಷ್ಟು ಸಂತೋಷದ ಕಾರ್ಡನ್ನು ನೀನು ಇನ್ನೊಂದು ಬರೆದಿಲ್ಲ. ಅದನ್ನು ಓದಿದ ದಿನವೇ ಹೇಳಬೇಕಿತ್ತು. ಆಮೇಲೆ ಹೇಳೋಣ ಎಂದುಕೊಂಡೆ. ನೀನು ಅದನ್ನು ನಾಲ್ಕು ಜನಕ್ಕೆ ಹೇಳಿದ ಮೇಲೆ ಕಷ್ಟವಾಯಿತು, ನಲವತ್ತು ಜನಕ್ಕೆ ಹೇಳಿದ ಮೇಲೆ ಆಗಲೇ ಇಲ್ಲ.

ಅವಳಿಗೆ ಇದು ಗೊತ್ತಿತ್ತು ಎಂದು ಕಾಣುತ್ತದೆ. ನೀನು ಕವನಾಳ ಮದುವೆಯಲ್ಲಿ ಆ ಕಥೆ ಹೇಳುವಾಗ ನನ್ನ ಪಕ್ಕದಲ್ಲೇ ಕೂತಿದ್ದಳಲ್ಲ. ಎಲೆಗೆ ತುಪ್ಪ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದು, "ಇವರಿಗೆ ಸಾಕು" ಎಂದಳು. ಅಷ್ಟೇ. ಅವಳು ಹೋಗಿ ಈ ಕಾರ್ತಿಕಕ್ಕೆ ಐದು ವರ್ಷ.

ಈಗ ನಿನ್ನ ಪ್ರದರ್ಶನಕ್ಕೆ ನನ್ನ ಬೇಡಿಕೆ ಇಷ್ಟು. ನನ್ನ ಕಾರ್ಡುಗಳಿಂದ ನೀನು ಇಳಿಸಿಕೊಂಡ ಪಟ್ಟಿಯಲ್ಲಿ ಏಪ್ರಿಲ್ ಒಂಬತ್ತರ ಸಾಲನ್ನು ಹೊಡೆದುಹಾಕು. ಕವನಾಳ ಶಾಲೆಯ ಮಕ್ಕಳು ಕೇಳಿದರೆ, ಆ ದಿನ ಕೊಣನೂರಿನಲ್ಲಿ ಯಾರೂ ಬರೆಯಲಿಲ್ಲ ಎಂದು ಹೇಳು. ಸಾಕ್ಷಿಗೆ ಮೂಲ ಪುಸ್ತಕವನ್ನೇ ಈ ಕಾಗದದ ಜೊತೆ ರಿಜಿಸ್ಟರ್ ಮಾಡಿ ಕಳಿಸುತ್ತೇನೆ. ಇವತ್ತು ಧನಲಕ್ಷ್ಮಿ ಟ್ರಂಕಿನ ತಳದಿಂದ ತೆಗೆದುಕೊಟ್ಟಳು. ಮುದ್ರೆ ಹಾಗೇ ಇದೆ. "ಏನ್ ಮಾಸ್ಟ್ರೇ, ಒಳಗೆ ಬಂಗಾರ ಮಡಗಿದ್ದೀರಾ" ಎಂದು ಕೇಳಿದಳು. ಖಾಲಿ ಹಾಳೆ ಕಣಮ್ಮ ಎಂದೆ.

ನೀನು ಬೈದು ಬರೆದರೂ ಸರಿ, ಬರೆ. ಫೋನಿನಲ್ಲಿ ಬೈಯಬೇಡ, ಕಾಗದದಲ್ಲಿ ಬೈದರೆ ಇಟ್ಟುಕೊಳ್ಳಬಹುದು. ಕವನಾಗೆ ನನ್ನ ಆಶೀರ್ವಾದ, ಅವಳ ಕಣ್ಣು ಅಪ್ಪನ ಕಣ್ಣಿನ ಹಾಗೆ ಚುರುಕಾಗಿರಲಿ, ಬಾಯಿ ಅಪ್ಪನಷ್ಟು ದೊಡ್ಡದಾಗದಿರಲಿ. ನಿನಗೆ ಶಿವ ಇನ್ನೊಂದು ಧೂಮಕೇತು ನೋಡುವಷ್ಟು ಆಯಸ್ಸು ಕೊಡಲಿ.

ಯುವರ್ಸ್ ಟ್ರೂಲಿ ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನ,
ಪಂಚಾಕ್ಷರಯ್ಯ

ತಾ.ಕ.: ಐದೂ ಮುಕ್ಕಾಲು. ಲಕೋಟೆ ಅಂಟಿಸುವ ಮೊದಲು ಒಂದು ಸಲ ನೋಡೋಣವೆಂದು ತಾರಸಿಗೆ ಒಯ್ದು ಪುಸ್ತಕದ ಮುದ್ರೆ ಒಡೆದೆ. ಅರಗು ಪುಡಿಯಾಗಿ ಪಂಚೆಯ ಮೇಲೆ ಬಿತ್ತು. ಪುಟ ಖಾಲಿಯಿಲ್ಲ, ಶಾಂತರಾಜು. ಮೇಲಿನಿಂದ ಕೆಳಗಿನವರೆಗೆ ಬರೆದಿದ್ದಾಳೆ. ಕೆಂಪು ಶಾಯಿ. ಜಡೆಯಲ್ಲಿದ್ದದ್ದು ಉತ್ತರ ಪತ್ರಿಕೆ ತಿದ್ದುವ ಪೆನ್ನು, ಅದನ್ನೇ ಎಳೆದುಕೊಂಡು ಕತ್ತಲಲ್ಲಿ ಬರೆದಿದ್ದಾಳೆ.

ನಂಬಿಕೆಯಾಗಲಿಲ್ಲ. ಕೆಳಗೆ ಹೋಗಿ ಅದೇ ಹಳೆಯ ಗ್ಲಾಸ್ ಪೇಪರನ್ನು ಹುಡುಕಿ ತಂದು ಟಾರ್ಚಿಗೆ ಸುತ್ತಿ, ಶಾಲು ಮುಸುಕು ಹಾಕಿಕೊಂಡು ಒಳಗೆ ಪುಟ ಹಿಡಿದು ನೋಡಿದೆ. ಕೆಂಪು ಬೆಳಕಿನಲ್ಲಿ ಕೆಂಪು ಅಕ್ಷರ ಒಂದೂ ಇಲ್ಲ, ನನ್ನ ನೀಲಿ ತಾರೀಕು ಮಾತ್ರ. ಶಾಲು ತೆಗೆದರೆ ಎಲ್ಲವೂ ಇದೆ. ಬಟ್ಟೆ ತೆಗೆಯಲು ಬಂದ ಧನಲಕ್ಷ್ಮಿ, "ಏನಾಯ್ತು ಮಾಸ್ಟ್ರೇ, ಚಳಿ ಜ್ವರವಾ?" ಎಂದಳು. ಹೌದು ಎಂದೆ.

ಕತ್ತಲಾದರೆ ಟಾರ್ಚಿನಲ್ಲಿ ಓದಲಾಗುವುದಿಲ್ಲ, ಅದಕ್ಕೆ ಇರುವ ಬೆಳಕಿನಲ್ಲೇ ನಕಲು ಮಾಡುತ್ತೇನೆ. ಈ ಸಲದ ನಕಲು ನಿಜವಾದದ್ದು. ಸಾಲುಗಳು ಒಂದರ ಮೇಲೊಂದು ಹತ್ತಿವೆ, ಬಿಡಿಸಿ ಬರೆಯುತ್ತೇನೆ.

"ಏಳೂ ಕಾಲು. ಬಿಳೀ ಬಾಲ ಒಂದು ಮುಷ್ಟಿ, ಮೂರು ಬೆರಳು. ನನ್ನ ಮುಷ್ಟಿ, ನನ್ನ ಬೆರಳು. ಅದರ ಎಡಕ್ಕೆ ಇನ್ನೊಂದು ಬಾಲ. ನೀಲಿ. ತೆಳ್ಳಗೆ, ನೆಟ್ಟಗೆ. ನೇರ ನೋಡಿದರೆ ಹೋಗುತ್ತದೆ, ಪಕ್ಕದ ನಕ್ಷತ್ರ ನೋಡಿದರೆ ಬರುತ್ತದೆ. ಮೂರು ಸಲ ನೋಡಿದೆ, ಮೂರು ಸಲವೂ ಇತ್ತು."

ನಿನ್ನ ಅನುಮಾನ ಅನುಮಾನವಲ್ಲ ಕಣಯ್ಯ. ಕೊಣನೂರಿನಲ್ಲೂ ಅದನ್ನು ಕಂಡವರಿದ್ದರು. ಪೆಟ್ಟಿಗೆಯಲ್ಲಿ ಈ ಪುಟವನ್ನೇ ತೆರೆದಿಡು. ಪಕ್ಕದ ಚೀಟಿಯಲ್ಲಿ ನೀಲಾಂಬಿಕೆ, ಟೀಚರ್, ಕೊಣನೂರು ಎಂದು ಬರೆಸು. ನನ್ನ ಹೆಸರು ಬೇಡ.

ಕೆಳಗೆ ಇನ್ನೊಂದು ಸಾಲಿದೆ. ಅದನ್ನು ಬರೆಯುವುದೋ ಬೇಡವೋ ಎಂದು ಇಷ್ಟು ಹೊತ್ತು ಯೋಚಿಸಿದೆ.

"ಇವರಿಗೆ ಒಂದೇ ಕಾಣುತ್ತಂತೆ. ಇವತ್ತು ಜನ ಇದ್ದಾರೆ. ನಾಳೆ ಕೂರಿಸಿ ತೋರಿಸಬೇಕು."

ಅಕ್ಷರ ಮಸುಕಾಗುತ್ತಿದೆ. ಬೆಳಕು ಹೋಗುತ್ತಿದೆ, ನಿಲ್ಲಿಸುತ್ತೇನೆ.